ಸಬ್‌ವೂಫರ್‌ಗೆ ಯಾವ ಕ್ರಾಸ್‌ಓವರ್: ಕಾಯಿಲ್ ಹಾಕಿ ಅಳೆದೆ, ಆಮೇಲೆ ಬೋರ್ಡ್ ಕಟ್ಟಿದೆ

ಕಾರಿಗೆ ಹಾಕೋಕೆ ಕೈಯಲ್ಲಿದ್ದ ಸಾಮಾನು ಇಷ್ಟು: 12 ಇಂಚಿನ, 4 ಓಮ್‌ನ ಒಂದು ಸಬ್‌ವೂಫರ್ (ಬರೀ ಬೇಸ್ ನುಡಿಸುವ ಸ್ಪೀಕರ್), ಅದಕ್ಕೆ 30 ಲೀಟರಿನ ಸೀಲ್ಡ್ ಬಾಕ್ಸ್, ಒಂದು ಹಳೇ ಎರಡು ಚಾನೆಲ್ ಆಂಪ್. ಆಂಪ್ ಗಟ್ಟಿಮುಟ್ಟಾಗಿದೆ. ಬ್ರಿಡ್ಜ್ ಮಾಡಿದರೆ, ಅಂದರೆ ಎರಡೂ ಚಾನೆಲ್ ಸೇರಿಸಿ ಒಂದೇ ಸ್ಪೀಕರ್‌ಗೆ ಕೊಟ್ಟರೆ, 4 ಓಮ್‌ಗೆ ಸುಮಾರು 200 ವಾಟ್ ಕೊಡುತ್ತದೆ. ಆದರೆ ಅದರಲ್ಲಿ ಕ್ರಾಸ್‌ಓವರ್, ಅಂದರೆ ಯಾವ ಸ್ಪೀಕರ್‌ಗೆ ಯಾವ ಫ್ರೀಕ್ವೆನ್ಸಿ ಹೋಗಬೇಕು ಎಂದು ಬೇರೆ ಮಾಡುವ ಫಿಲ್ಟರ್, ಇಲ್ಲ. ಎರಡು ಗೇನ್ ನಾಬ್ ಬಿಟ್ಟರೆ ತಿರುಗಿಸೋಕೆ ಬೇರೇನೂ ಇಲ್ಲ. ಹೆಡ್ ಯೂನಿಟ್‌ನಲ್ಲೂ (ಡ್ಯಾಶ್‌ಬೋರ್ಡ್‌ನ ಸ್ಟೀರಿಯೊ) ಸಬ್‌ಗೆ ಅಂತ ಬೇರೆ ಔಟ್‌ಪುಟ್ ಇಲ್ಲ. ಹಿಂದಿರುವ ಆರ್‌ಸಿಎ (ಆಂಪ್‌ಗೆ ಸಿಗ್ನಲ್ ಕೊಡುವ ಸಾಕೆಟ್) ಜೋಡಿಯಲ್ಲಿ ಪೂರ್ತಿ ಹಾಡು ಬರುತ್ತದೆ. ಬಾಗಿಲಿನ ಸ್ಪೀಕರ್‌ಗಳಿಗೆ ಮಾತ್ರ ಹೈಪಾಸ್ (ಬೇಸ್ ತಡೆದು ಮೇಲಿನದ್ದನ್ನು ಬಿಡುವ ಫಿಲ್ಟರ್) ಇದೆ, ಅದೂ 24 ಡೆಸಿಬೆಲ್ ಇಳಿಜಾರಿನದ್ದು, ಅಂದರೆ ಫ್ರೀಕ್ವೆನ್ಸಿ ಅರ್ಧವಾದಾಗಲೆಲ್ಲ ಸದ್ದು 24 ಡೆಸಿಬೆಲ್ ಇಳಿಯುತ್ತದೆ. ಅಷ್ಟಾದರೂ ಇದೆಯಲ್ಲ.

ಸಬ್‌ಗೆ 80 ಹರ್ಟ್ಸ್‌ಗಿಂತ ಕೆಳಗಿನದ್ದು ಮಾತ್ರ ಹೋಗಬೇಕು. ಅದಕ್ಕೆ ಎರಡು ದಾರಿ. ಆಂಪ್ ಮತ್ತು ಸ್ಪೀಕರ್ ನಡುವೆ ಕಾಯಿಲ್, ಕೆಪಾಸಿಟರ್ ಹಾಕುವುದು ಒಂದು. ಇದು ಪ್ಯಾಸಿವ್. ಆಂಪ್‌ಗೆ ಹೋಗುವ ಮೊದಲೇ, ಆರ್‌ಸಿಎ ಮಟ್ಟದಲ್ಲೇ ಸಿಗ್ನಲ್ ಸೋಸುವುದು ಇನ್ನೊಂದು. ಇದು ಎಲೆಕ್ಟ್ರಾನಿಕ್. ಯಾವುದು ಒಳ್ಳೆಯದು ಅಂತ ಕೇಳಿದರೆ ಎಲ್ಲರೂ ಎಲೆಕ್ಟ್ರಾನಿಕ್ ಅಂತಲೇ ಹೇಳುತ್ತಾರೆ. ಯಾಕೆ ಅಂತ ಕೇಳಿದರೆ ಮಾತು "ಕ್ಲೀನ್ ಆಗಿರುತ್ತೆ" ಎನ್ನುವಲ್ಲಿಗೆ ನಿಂತುಬಿಡುತ್ತದೆ. ಅಷ್ಟು ಸಾಲದು ಅಲ್ವಾ? ಅದೇ ಆಂಪ್, ಅದೇ ಸಬ್, ಅದೇ ಬಾಕ್ಸ್ ಇಟ್ಟುಕೊಂಡು ಕ್ರಾಸ್‌ಓವರ್ ಮಾತ್ರ ಬದಲಿಸಿ ಮೀಟರ್ ಹಿಡಿದು ನೋಡೋಣ ಎಂದುಕೊಂಡೆ.

ಮೊದಲು ಪ್ಯಾಸಿವ್

12 ಡೆಸಿಬೆಲ್ ಇಳಿಜಾರಿನ ಬಟರ್‌ವರ್ತ್ (ಗುಡ್ಡವಿಲ್ಲದೆ ಮಟ್ಟಸವಾಗಿ ಸಾಗಿ ಇಳಿಯುವ) ಫಿಲ್ಟರ್‌ಗೆ ಒಂದು ಕಾಯಿಲ್ ಸರಣಿಯಲ್ಲಿ, ಒಂದು ಕೆಪಾಸಿಟರ್ ಸ್ಪೀಕರಿಗೆ ಅಡ್ಡಲಾಗಿ ಬೇಕು. ಕಾಯಿಲ್ ಬೆಲೆ ಕಂಡುಹಿಡಿಯೋಕೆ ಓಮ್ ಅನ್ನು 1.414ರಿಂದ ಗುಣಿಸಿ, 6.28 ಮತ್ತು ಹರ್ಟ್ಸ್‌ನಿಂದ ಭಾಗಿಸಬೇಕು. 4 ಓಮ್, 80 ಹರ್ಟ್ಸ್‌ಗೆ 11.25 ಮಿಲಿಹೆನ್ರಿ ಬರುತ್ತದೆ. ಕೆಪಾಸಿಟರ್ 352 ಮೈಕ್ರೋಫ್ಯಾರಡ್. ಯಾವ ಕ್ಯಾಲ್ಕುಲೇಟರ್‌ಗೆ ಹಾಕಿದರೂ ಇದೇ ಉತ್ತರ.

ಇವು ಸಣ್ಣ ಸಾಮಾನುಗಳಲ್ಲ. ಟ್ವೀಟರ್‌ನ (ಹೈ ಫ್ರೀಕ್ವೆನ್ಸಿಯ ಪುಟ್ಟ ಸ್ಪೀಕರ್) ಕಾಯಿಲ್ 0.3 ಮಿಲಿಹೆನ್ರಿ ಇರುತ್ತದೆ, ಅಂಗೈಯಲ್ಲಿ ಮುಚ್ಚಿಡಬಹುದು. 11 ಮಿಲಿಹೆನ್ರಿಯನ್ನು ಬರೀ ತಾಮ್ರದ ತಂತಿಯಲ್ಲಿ ಸುತ್ತಿದರೆ ಗಾತ್ರವೂ ಜಾಸ್ತಿ, ತಂತಿಯ ರೆಸಿಸ್ಟೆನ್ಸೂ ಜಾಸ್ತಿ. ಹಾಗಾಗಿ ಕಬ್ಬಿಣದ ಕೋರ್ ಇರುವ ಕಾಯಿಲ್ ತೆಗೆದುಕೊಂಡೆ. 11 ಮಿಲಿಹೆನ್ರಿ, ರೆಸಿಸ್ಟೆನ್ಸ್ ಅರ್ಧ ಓಮ್. ಕೆಪಾಸಿಟರ್‌ಗೆ ಮೂರು 100, ಒಂದು 47 ಮೈಕ್ರೋಫ್ಯಾರಡ್ ಪಕ್ಕಪಕ್ಕ ಜೋಡಿಸಿದೆ. ಒಟ್ಟು 347. ಎಲ್ಲವೂ ನಾನ್‌ಪೋಲಾರ್. ಮಾಮೂಲಿ ಎಲೆಕ್ಟ್ರೋಲಿಟಿಕ್ ಇಲ್ಲಿ ಹಾಕಲೇಬೇಡಿ. ಸ್ಪೀಕರ್ ವೋಲ್ಟೇಜ್ ಎರಡೂ ಕಡೆ ತಿರುಗುತ್ತಿರುತ್ತದೆ, ಅದು ಉಬ್ಬಿ ಸಿಡಿಯುತ್ತದೆ.

ಆ ಅರ್ಧ ಓಮ್ ಕೂಡ ಸುಮ್ನೆ ಬಿಡುವಂಥದ್ದಲ್ಲ. ನನ್ನ ಸಬ್‌ನ ವಾಯ್ಸ್ ಕಾಯಿಲ್ (ಕೋನ್ ಓಡಿಸುವ ಸುರುಳಿ) ಮೀಟರಿನಲ್ಲಿ 3.5 ಓಮ್ ತೋರಿಸುತ್ತದೆ. ಸರಣಿಯಲ್ಲಿ 0.5 ಸೇರಿದರೆ ಅಲ್ಲಿ ಖರ್ಚಾಗುವ ಪವರ್‌ನಲ್ಲಿ ಎಂಟನೇ ಒಂದು ಭಾಗ ಫಿಲ್ಟರ್ ಕಾಯಿಲ್ ಬಿಸಿ ಮಾಡೋದಕ್ಕೇ ಹೋಗುತ್ತದೆ. ಕೋನ್ ಮೇಲಿನ ಆಂಪ್‌ನ ಹಿಡಿತವೂ ಸಡಿಲವಾಗುತ್ತದೆ. ಸಬ್‌ನ ಎಲೆಕ್ಟ್ರಿಕಲ್ ಕ್ಯೂ, ಅಂದರೆ ಆ ಸಡಿಲಿಕೆಯ ಅಳತೆ, ಸುಮಾರು 14 ಶೇಕಡಾ ಏರುತ್ತದೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು.

ಮೀಟರ್ ಹೇಳಿದ್ದು

ಫೋನಿನಿಂದ ಒಂದೊಂದೇ ಟೋನ್ ಬಿಟ್ಟೆ. ಆಂಪ್ ಹೊರಗೆ, ಅಂದರೆ ಫಿಲ್ಟರ್‌ಗೆ ಹೋಗುವ ವೋಲ್ಟೇಜ್ ಪ್ರತಿಸಲವೂ ಸರಿಯಾಗಿ 4 ವೋಲ್ಟ್ ಇರುವಂತೆ ಹೊಂದಿಸಿದೆ. ಆಮೇಲೆ ಮೀಟರಿನ ಕಡ್ಡಿಗಳನ್ನು ಸಬ್‌ನ ಟರ್ಮಿನಲ್ ಮೇಲಿಟ್ಟೆ.

40 ಹರ್ಟ್ಸ್: 4.3 ವೋಲ್ಟ್
46 ಹರ್ಟ್ಸ್: 5.5
60 ಹರ್ಟ್ಸ್: 8.4
80 ಹರ್ಟ್ಸ್: 3.3
100 ಹರ್ಟ್ಸ್: 2.0
150 ಹರ್ಟ್ಸ್: 1.1

60 ಹರ್ಟ್ಸ್ ಸಾಲನ್ನು ಇನ್ನೊಮ್ಮೆ ನೋಡಿ. ಒಳಗೆ 4 ವೋಲ್ಟ್, ಹೊರಗೆ 8.4. ಈ ಫಿಲ್ಟರ್‌ಗೆ ಬ್ಯಾಟರಿಯ ವೈರೇ ಇಲ್ಲ. ಒಂದು ಕಾಯಿಲ್, ನಾಲ್ಕು ಕೆಪಾಸಿಟರ್, ಅಷ್ಟೇ. ಆದರೂ ವೋಲ್ಟೇಜ್ ಎರಡು ಪಟ್ಟು ದಾಟಿದೆ. ಡೆಸಿಬೆಲ್‌ನಲ್ಲಿ ಹೇಳುವುದಾದರೆ 6.5ರ ಗುಡ್ಡ. ಮೇಲಿನ ಕಡೆ ಫಿಲ್ಟರ್ ಹೇಳಿದ ಹಾಗೇ ಕೇಳಿದೆ. 150ರಲ್ಲಿ ಪುಸ್ತಕದ ಲೆಕ್ಕಕ್ಕೂ ನನ್ನ ಅಳತೆಗೂ ಹೆಚ್ಚು ವ್ಯತ್ಯಾಸ ಇಲ್ಲ. ಹದಗೆಟ್ಟಿರೋದು ಸಬ್ ನಿಜವಾಗಿ ಕೆಲಸ ಮಾಡುವ ಜಾಗದಲ್ಲಿ.

ಹಾಡು ಹಾಕಿದರೆ ಇದು ಕಿವಿಗೂ ಸಿಗುತ್ತದೆ. ಬೇಸ್ ಗಿಟಾರ್ ಯಾವ ಸ್ವರ ನುಡಿಸಿದರೂ ಡಿಕ್ಕಿಯಿಂದ ಒಂದೇ ಗುಂಯ್. ಕಿಕ್ ಡ್ರಮ್ ಏಟು ಬಿದ್ದು ಮುಗಿದ ಮೇಲೂ ಬಾಲ ಉಳಿಯುತ್ತದೆ. ಕೆಲವರಿಗೆ ಇದೇ ಇಷ್ಟ ಅಂತ ಗೊತ್ತು. ನನಗೆ ಹತ್ತು ನಿಮಿಷಕ್ಕೆ ತಲೆ ಬಿಸಿಯಾಯಿತು.

ಕ್ಯಾಲ್ಕುಲೇಟರ್ ನಂಬುವ ಸುಳ್ಳು

ಕ್ಯಾಲ್ಕುಲೇಟರ್‌ನಲ್ಲಿ ನಾವು "4 ಓಮ್" ಎಂದು ಒತ್ತುತ್ತೇವೆ. ಅದು 4 ಓಮ್‌ನ ರೆಸಿಸ್ಟರ್ ಅಂದುಕೊಂಡು ಲೆಕ್ಕ ಹಾಕುತ್ತದೆ. ಸಬ್‌ವೂಫರ್ ರೆಸಿಸ್ಟರ್ ಅಲ್ಲ. ಎಷ್ಟು ಅಲ್ಲ ಎಂದು ನೋಡೋಕೆ 10 ಓಮ್‌ನ ಒಂದು ಸೆರಾಮಿಕ್ ರೆಸಿಸ್ಟರನ್ನು ಸಬ್ ಜೊತೆ ಸರಣಿಯಲ್ಲಿ ಹಾಕಿದೆ. ಟೋನ್ ಬಿಟ್ಟು ಎರಡರ ಮೇಲೂ ವೋಲ್ಟೇಜ್ ಅಳೆದೆ. ಸಬ್ ವೋಲ್ಟೇಜನ್ನು ರೆಸಿಸ್ಟರ್ ವೋಲ್ಟೇಜಿನಿಂದ ಭಾಗಿಸಿ 10ರಿಂದ ಗುಣಿಸಿದರೆ ಆ ಫ್ರೀಕ್ವೆನ್ಸಿಯಲ್ಲಿನ ಇಂಪೀಡೆನ್ಸ್, ಅಂದರೆ ಅಲ್ಲಿ ಸಬ್ ನಿಜವಾಗಿ ಎಷ್ಟು ಓಮ್ ಎಂಬುದು, ಸಿಗುತ್ತದೆ. ಮಲ್ಟಿಮೀಟರ್ ಇರುವ ಯಾರಾದರೂ ಮಾಡಬಹುದು. ಸಬ್ ಬಾಕ್ಸ್ ಒಳಗೇ ಇರಬೇಕು ಅನ್ನೋದೊಂದೇ ಷರತ್ತು, ಹೊರಗೆ ತೆಗೆದರೆ ರೆಸೊನೆನ್ಸ್ ಬೇರೆ ಕಡೆ ಹೋಗುತ್ತದೆ.

ನನಗೆ ಸಿಕ್ಕಿದ್ದು: 40 ಹರ್ಟ್ಸ್‌ನಲ್ಲಿ 14.5 ಓಮ್. 46ರಲ್ಲಿ 24 ಓಮ್, ಅದೇ ತುದಿ. 60ರಲ್ಲಿ 8.6. 80ರಲ್ಲಿ 4.9. 100ರಲ್ಲಿ 4. 150ರಲ್ಲಿ 3.6. ಅಲ್ಲಿಂದ ಮೇಲೆ ವಾಯ್ಸ್ ಕಾಯಿಲ್‌ನ ಇಂಡಕ್ಟೆನ್ಸ್‌ನಿಂದ ಮತ್ತೆ ನಿಧಾನಕ್ಕೆ ಏರುತ್ತದೆ.

46 ಹರ್ಟ್ಸ್ ಈ ಬಾಕ್ಸ್‌ನ ರೆಸೊನೆನ್ಸ್. ಅಲ್ಲಿ ಕೋನ್ ತಾನಾಗೇ ಓಲಾಡುತ್ತದೆ, ವಾಯ್ಸ್ ಕಾಯಿಲ್ ಮ್ಯಾಗ್ನೆಟ್ ಒಳಗೆ ಓಡಾಡಿ ತಾನೇ ಹಿಮ್ಮುಖ ವೋಲ್ಟೇಜ್ ಹುಟ್ಟಿಸುತ್ತದೆ. ಆಂಪ್‌ನಿಂದ ಕರೆಂಟ್ ಹೆಚ್ಚು ಹರಿಯೋದಿಲ್ಲ. ಹೊರಗಿನಿಂದ ನೋಡಿದರೆ 24 ಓಮ್. ರೆಸೊನೆನ್ಸ್‌ಗಿಂತ ಸ್ವಲ್ಪ ಮೇಲೆ ಹೋದರೆ ವಿಷಯ ಇನ್ನೂ ಮಜವಾಗಿದೆ. ಅಲ್ಲಿ ಸಬ್ ಒಂದು ಕೆಪಾಸಿಟರ್ ಥರ ವರ್ತಿಸುತ್ತದೆ. ಅಳತೆಗೆ ಹೊಂದುವಂತೆ ಲೆಕ್ಕ ಹಾಕಿದಾಗ, 60 ಹರ್ಟ್ಸ್‌ನಲ್ಲಿ ನನ್ನ ಸಬ್ ಅಂದರೆ 12 ಓಮ್‌ನ ರೆಸಿಸ್ಟರ್, ಅದರ ಪಕ್ಕದಲ್ಲೇ 220 ಮೈಕ್ರೋಫ್ಯಾರಡ್‌ನ ಕೆಪಾಸಿಟರ್. ನಾನು ಹಾಕಿದ 347ಕ್ಕೆ ಸಬ್ ತನ್ನ ಪಾಲಿನ 220 ಸೇರಿಸಿತು. ಹೀಗೆ ಫಿಲ್ಟರ್‌ನ ಸ್ವಂತ ಫ್ರೀಕ್ವೆನ್ಸಿ 80ರಿಂದ 60ರ ಹತ್ತಿರಕ್ಕೆ ಜಾರಿತು. ಅದನ್ನು ಹಿಡಿದು ನಿಲ್ಲಿಸಬೇಕಾಗಿದ್ದ 4 ಓಮ್ ಅಲ್ಲಿ ಇಲ್ಲವೇ ಇಲ್ಲ, ಇರೋದು 12. ಉಯ್ಯಾಲೆಗೆ ಸರಿಯಾದ ಹೊತ್ತಿಗೆ ಸಣ್ಣ ಸಣ್ಣ ತಳ್ಳು ಕೊಡುತ್ತಾ ಹೋದ ಹಾಗೆ ಕಾಯಿಲ್ ಮತ್ತು ಕೆಪಾಸಿಟರ್ ವೋಲ್ಟೇಜನ್ನು ಏರಿಸುತ್ತಾ ಹೋದವು.

ಈ ಏರಿಕೆ ಪುಕ್ಕಟೆ ಬರಲಿಲ್ಲ. ಅದೇ 60 ಹರ್ಟ್ಸ್‌ನಲ್ಲಿ ಆಂಪ್ ಕಡೆಯಿಂದ ನೋಡಿದರೆ ಲೋಡ್ 2 ಓಮ್ ಆಸುಪಾಸು. ಸಬ್ 8.6 ಓಮ್ ಇದ್ದರೂ ಆಂಪ್‌ಗೆ ಕಾಣೋದು 2! ಬ್ರಿಡ್ಜ್‌ನಲ್ಲಿ 4 ಓಮ್‌ಗಿಂತ ಕೆಳಗೆ ಹೋಗಬೇಡಿ ಎಂದು ಬರೆದಿರುವ ಆಂಪ್ ಇದು. ಪ್ಯಾಸಿವ್ ಹಾಕಿದ ಮೇಲೆ ಆಂಪ್ ಜಾಸ್ತಿ ಬಿಸಿಯಾಗುತ್ತದೆ, ಪ್ರೊಟೆಕ್ಟ್‌ಗೆ ಹೋಗುತ್ತದೆ (ತಾನೇ ಸದ್ದು ನಿಲ್ಲಿಸುತ್ತದೆ) ಎಂಬ ದೂರು ಎಷ್ಟೋ ಸಲ ಕೇಳಿದ್ದೆ. ಕಾರಣ ಇಲ್ಲಿದೆ.

ಕೆಪಾಸಿಟರ್ ಕಥೆಯೂ ಅಷ್ಟೇ. 200 ವಾಟ್ ಅಂದರೆ 4 ಓಮ್‌ಗೆ 28 ವೋಲ್ಟ್. 60 ಹರ್ಟ್ಸ್‌ನಲ್ಲಿ ಅದು ಎರಡು ಪಟ್ಟಾದರೆ 60 ವೋಲ್ಟ್ ಹತ್ತಿರ, ತುದಿಯಲ್ಲಿ 84. ನಾನು ಮೊದಲು ಕೈಗೆತ್ತಿಕೊಂಡಿದ್ದು 50 ವೋಲ್ಟ್‌ನ ಕೆಪಾಸಿಟರ್‌ಗಳು. ಲೆಕ್ಕ ನೋಡಿದ ಮೇಲೆ ಅವನ್ನು ಸಣ್ಣ ವಾಲ್ಯೂಮ್‌ನಲ್ಲಿ ಅಳೆಯೋಕಷ್ಟೇ ಬಳಸಿದೆ. ಈ ಫಿಲ್ಟರನ್ನು ನಿಜವಾಗಿ ಓಡಿಸಬೇಕೆಂದರೆ 100 ವೋಲ್ಟ್‌ನದ್ದೇ ಬೇಕು. ಕಬ್ಬಿಣದ ಕೋರ್ ಕೂಡ ಅಷ್ಟು ಕರೆಂಟಿಗೆ ಸ್ಯಾಚುರೇಟ್ ಆಗುತ್ತದೆ, ಅಂದರೆ ಕಾಂತಶಕ್ತಿ ಹಿಡಿಯುವ ಅದರ ಮಿತಿ ಮುಗಿಯುತ್ತದೆ. ಆದಾಗ ಅದು 11 ಮಿಲಿಹೆನ್ರಿಯಾಗಿ ಉಳಿಯೋದಿಲ್ಲ, ಆಗ ಈ ಲೆಕ್ಕ ಯಾವುದೂ ನಿಲ್ಲುವುದಿಲ್ಲ.

ಸರಿಪಡಿಸಬಹುದಾ? ಕಾಗದದ ಮೇಲೆ ಹೌದು. ಇಂಪೀಡೆನ್ಸ್ ಗುಡ್ಡವನ್ನು ಮಟ್ಟ ಮಾಡೋಕೆ ಸ್ಪೀಕರ್‌ಗೆ ಅಡ್ಡಲಾಗಿ ಇನ್ನೊಂದು ಕಾಯಿಲ್, ಕೆಪಾಸಿಟರ್, ರೆಸಿಸ್ಟರ್ ಸರಣಿ ಹಾಕಬೇಕು. ನನ್ನ ಸಬ್‌ಗೆ ಲೆಕ್ಕ ಹಾಕಿದರೆ 10 ಮಿಲಿಹೆನ್ರಿ, 1160 ಮೈಕ್ರೋಫ್ಯಾರಡ್, 4 ಓಮ್ ಬಂತು. ಅಂದರೆ ಮೊದಲಿನಷ್ಟೇ ದೊಡ್ಡ ಇನ್ನೊಂದು ಕಾಯಿಲ್, ಮೂರು ಪಟ್ಟು ಕೆಪಾಸಿಟರ್, ಮೇಲೆ ಬಿಸಿಯಾಗುವ ಒಂದು ರೆಸಿಸ್ಟರ್. ಬಾಕ್ಸ್ ಬದಲಿಸಿದರೆ ಎಲ್ಲಾ ಮತ್ತೆ ಮೊದಲಿಂದ. ಬೇಡವೇ ಬೇಡ.

ಒಂದು ಕಾಯಿಲ್ ಮಾತ್ರ ಹಾಕಿ ನೋಡಿದ್ದು ಸ್ವಲ್ಪ ಸಮಾಧಾನ ಕೊಟ್ಟಿತು. 8 ಮಿಲಿಹೆನ್ರಿ, ಕೆಪಾಸಿಟರ್ ಇಲ್ಲ, 6 ಡೆಸಿಬೆಲ್ ಇಳಿಜಾರು. 60ರಲ್ಲಿ ಗುಡ್ಡ ಬರೀ ಒಂದೂವರೆ ಡೆಸಿಬೆಲ್. ಆಂಪ್‌ಗೂ ಕಷ್ಟ ಇಲ್ಲ. ಪ್ಯಾಸಿವ್ ಬಿಟ್ಟರೆ ಗತಿಯಿಲ್ಲ ಎನ್ನುವವರು ಇದನ್ನೇ ಮಾಡಿ. ಆದರೆ 200 ಹರ್ಟ್ಸ್‌ನಲ್ಲಿ ಇಳಿದಿರೋದು ಬರೀ 10 ಡೆಸಿಬೆಲ್, ಹಾಗಾಗಿ ಗಂಡಸರ ದನಿ ಡಿಕ್ಕಿಯಿಂದ ಬರುತ್ತದೆ. ಹಾಡುವವನು ಹಿಂದೆ ಕೂತ ಹಾಗಿರುತ್ತದೆ.

ಬೋರ್ಡ್

ಎಲೆಕ್ಟ್ರಾನಿಕ್ ಫಿಲ್ಟರ್‌ಗೆ ಸಬ್‌ನ ಇಂಪೀಡೆನ್ಸ್ ಗೊತ್ತೇ ಆಗೋದಿಲ್ಲ. ಅದರ ಮುಂದಿರೋದು ಆಂಪ್‌ನ ಇನ್‌ಪುಟ್, ಸಾವಿರಾರು ಓಮ್, ಬಹುಮಟ್ಟಿಗೆ ಶುದ್ಧ ರೆಸಿಸ್ಟರ್. ಕ್ಯಾಲ್ಕುಲೇಟರ್ ನಂಬಿದ್ದು ಇಲ್ಲಿ ನಿಜ. ಅಲ್ಲದೆ ಆಂಪ್ ಮತ್ತು ಸಬ್ ನಡುವೆ ವೈರ್ ಬಿಟ್ಟು ಏನೂ ಇರೋದಿಲ್ಲ. ಇವೆರಡೇ ಮುಖ್ಯ ಕಾರಣ. ಉಳಿದದ್ದೆಲ್ಲ ಅನುಕೂಲ.

ನಿಮ್ಮ ಹೆಡ್ ಯೂನಿಟ್‌ನಲ್ಲೋ ಆಂಪ್‌ನಲ್ಲೋ ಲೋಪಾಸ್ (ಬೇಸ್ ಮಾತ್ರ ಬಿಡುವ ಫಿಲ್ಟರ್) ಇದ್ದರೆ ಬೋರ್ಡ್ ಕಟ್ಟುವ ಕೆಲಸವೇ ಇಲ್ಲ. ನನ್ನದರಲ್ಲಿ ಇಲ್ಲದ ಕಾರಣ ಕಟ್ಟಿದೆ. ಸರ್ಕ್ಯೂಟ್ ಹೊಸದೇನಲ್ಲ. ಸ್ಯಾಲನ್ ಮತ್ತು ಕೀ ಎಂಬ ಇಬ್ಬರು 1955ರಲ್ಲಿ ಪ್ರಕಟಿಸಿದ ವಿನ್ಯಾಸ. ಇಂಥ ಎರಡು ಬಟರ್‌ವರ್ತ್ ಹಂತಗಳನ್ನು ಒಂದರ ಹಿಂದೆ ಒಂದು ಹಾಕಿದರೆ 24 ಡೆಸಿಬೆಲ್‌ನ ಲಿಂಕ್‌ವಿಟ್ಜ್-ರೈಲಿ ಆಗುತ್ತದೆ. ಇದು ಬಂದದ್ದು 1976ರಲ್ಲಿ, ಹೆವ್ಲೆಟ್-ಪ್ಯಾಕರ್ಡ್‌ನ ಇಬ್ಬರು ಎಂಜಿನಿಯರ್‌ಗಳಿಂದ. ಕ್ರಾಸ್‌ಓವರ್ ಬಿಂದುವಿನಲ್ಲಿ ಲೋಪಾಸ್, ಹೈಪಾಸ್ ಎರಡೂ 6 ಡೆಸಿಬೆಲ್ ಇಳಿದಿರುತ್ತವೆ, ಎರಡೂ ಒಂದೇ ಫೇಸ್‌ನಲ್ಲಿರುತ್ತವೆ (ಅಲೆಗಳು ಒಟ್ಟಿಗೇ ಏರಿಳಿಯುತ್ತವೆ), ಸೇರಿದರೆ ಮಟ್ಟಸ.

ಒಂದು ಟಿಎಲ್074 ಐಸಿ ಸಾಕು. ಒಳಗೆ ನಾಲ್ಕು ಆಪ್‌ಆಂಪ್ (ಸಣ್ಣ ಸಿಗ್ನಲ್ ಆಂಪ್) ಇವೆ. ಎಡ, ಬಲ ಎರಡನ್ನೂ ತಲಾ 10 ಕಿಲೋಓಮ್ ಮೂಲಕ ಕೂಡಿಸಿ ಮೊದಲನೆಯದಕ್ಕೆ ಬಫರ್ ಆಗಿ ಕೊಟ್ಟೆ. ಎರಡನೆಯದು, ಮೂರನೆಯದು ಫಿಲ್ಟರ್. ನಾಲ್ಕನೆಯದು ಸಿಗ್ನಲ್ ತಿರುಗಿಸುವ ಇನ್ವರ್ಟರ್, ಅದಕ್ಕೊಂದು 0/180 ಸ್ವಿಚ್. ಪ್ರತಿ ಫಿಲ್ಟರ್ ಹಂತದಲ್ಲೂ ಎರಡು ಸಮನಾದ ರೆಸಿಸ್ಟರ್, ನೆಲಕ್ಕೆ 100 ನ್ಯಾನೋಫ್ಯಾರಡ್, ಔಟ್‌ಪುಟ್‌ನಿಂದ ಹಿಂದಕ್ಕೆ ಅದರ ಎರಡು ಪಟ್ಟು. 200 ನ್ಯಾನೋಫ್ಯಾರಡ್ ಹುಡುಕುತ್ತಾ ಕೂರಬೇಡಿ, 100ರ ಎರಡು ಪಕ್ಕಪಕ್ಕ ಹಾಕಿ. ಎಲ್ಲಾ ಫಿಲ್ಮ್ ಕೆಪಾಸಿಟರ್. 80 ಹರ್ಟ್ಸ್‌ಗೆ ರೆಸಿಸ್ಟರ್ 14 ಕಿಲೋಓಮ್ ಬೇಕು. ನಾನು 10 ಮತ್ತು 3.9 ಸರಣಿಯಲ್ಲಿ ಹಾಕಿದೆ, 81 ಹರ್ಟ್ಸ್ ಆಯಿತು. 15 ಕಿಲೋಓಮ್ ಹಾಕಿದರೆ 75. ರೆಸಿಸ್ಟರ್‌ಗಳನ್ನು ಬೆಸೆಯದೆ ಐಸಿ ಸಾಕೆಟ್‌ನ ಪಿನ್‌ಗಳಲ್ಲಿ ಸಿಕ್ಕಿಸಿ ಟ್ರಯಲ್ ನೋಡಿ, ಆಮೇಲೆ ಬೆಸೆದೆ.

ಇಡೀ ಫಿಲ್ಟರ್ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಕೂತಿತು. 1 ವೋಲ್ಟ್ ಒಳಗೆ ಕೊಟ್ಟು ಅಳೆದರೆ 30 ಹರ್ಟ್ಸ್‌ನಲ್ಲಿ 0.98, 60ರಲ್ಲಿ 0.77, 80ರಲ್ಲಿ 0.51, 160ರಲ್ಲಿ 0.06. ಲೆಕ್ಕಕ್ಕೂ ಮೀಟರಿಗೂ ವ್ಯತ್ಯಾಸ ಇಲ್ಲ. ಸಬ್ ಸಿಕ್ಕಿಸಿದರೂ ಅದೇ, ತೆಗೆದರೂ ಅದೇ.

ತೊಂದರೆ ಇಲ್ಲದೇ ಇರಲಿಲ್ಲ. ಪ್ಯಾಸಿವ್‌ಗೆ ಪವರ್ ಬೇಡ, ಇದಕ್ಕೆ ಬೇಕು. ಕಾರಿನ 12 ವೋಲ್ಟ್‌ನಲ್ಲಿ ಆಲ್ಟರ್ನೇಟರ್‌ನ ಕೊಳೆ ಎಲ್ಲಾ ಇರುತ್ತದೆ. ಗ್ರೌಂಡ್ ಎರಡು ದಾರಿಯಲ್ಲಿ ಸೇರಿಬಿಟ್ಟರೆ ಎಂಜಿನ್ ಜೊತೆ ಏರಿಳಿಯುವ ಕುಂಯ್ ಗ್ಯಾರಂಟಿ. ಲೋಪಾಸ್‌ನ ನಂತರ ಈ ಸದ್ದು ಸೇರಿದರೆ ಸಬ್‌ನಿಂದಲೇ ಕೇಳುತ್ತದೆ. ಅದಕ್ಕೇ ಐಸೊಲೇಟೆಡ್ ಡಿಸಿ-ಡಿಸಿ ಮಾಡ್ಯೂಲ್ ಹಾಕಿದೆ. ಒಳಗೆ 9ರಿಂದ 18 ವೋಲ್ಟ್, ಹೊರಗೆ ಪ್ಲಸ್-ಮೈನಸ್ 12. ಬೋರ್ಡ್‌ನ ಸಿಗ್ನಲ್ ಗ್ರೌಂಡನ್ನು ಕಾರಿನ ಬಾಡಿಗೆ ಎಲ್ಲೂ ಕಟ್ಟಲಿಲ್ಲ, ಆರ್‌ಸಿಎ ಹೊರಕವಚದ ಮೂಲಕ ಬಂದಷ್ಟೇ. ಕುಂಯ್ ಇಲ್ಲ. ಕರೆಂಟ್ ತೀರಾ ಕಡಿಮೆ ಇರುವುದರಿಂದ ರಿಮೋಟ್ ವೈರ್‌ನಿಂದಲೇ (ಹೆಡ್ ಯೂನಿಟ್ ಆನ್ ಆದಾಗ ಆಂಪನ್ನು ಎಬ್ಬಿಸುವ ವೈರ್) ಸಣ್ಣ ಫ್ಯೂಸ್ ಹಾಕಿ ಪವರ್ ತೆಗೆದೆ.

ಇನ್ನೊಂದು ಕಾಟ, ಆನ್ ಮಾಡಿದಾಗ ಡಬ್ ಎಂಬ ಸದ್ದು. ಬೋರ್ಡ್ ಎದ್ದು ನಿಲ್ಲುವಾಗ ಔಟ್‌ಪುಟ್ ಒಮ್ಮೆ ಕುಪ್ಪಳಿಸುತ್ತದೆ. ಅಷ್ಟರಲ್ಲಿ ಆಂಪ್ ಎಚ್ಚರವಾಗಿದ್ದರೆ ಅದು 200 ವಾಟ್‌ನ ಗುದ್ದು. ಆಂಪ್‌ಗೆ ಹೋಗುವ ರಿಮೋಟ್ ವೈರನ್ನು ಒಂದು ಟ್ರಾನ್ಸಿಸ್ಟರ್, ರೆಸಿಸ್ಟರ್, ಕೆಪಾಸಿಟರ್ ಮತ್ತು ರಿಲೇ ಮೂಲಕ ಎರಡು ಸೆಕೆಂಡ್ ತಡ ಮಾಡಿದೆ. ಡಬ್ ಹೋಯಿತು.

ಕಾರಿನಲ್ಲಿ ಕೂರಿಸಿದ್ದು

ಬಾಗಿಲಿನ ಸ್ಪೀಕರ್‌ಗಳು ಹೆಡ್ ಯೂನಿಟ್‌ನ ಸ್ವಂತ ಪವರ್‌ನಲ್ಲಿ, ಹೈಪಾಸ್ 80, 24 ಡೆಸಿಬೆಲ್. ಆಂಪ್ ಪೂರ್ತಿ ಬ್ರಿಡ್ಜ್ ಆಗಿ ಸಬ್‌ಗೆ. ನನ್ನ ಸೀಟಿನಿಂದ ಸಬ್, ಬಾಗಿಲಿನ ಸ್ಪೀಕರ್‌ಗಿಂತ ಸುಮಾರು 1.2 ಮೀಟರ್ ದೂರ. ಸದ್ದು ಅಷ್ಟು ದೂರ ಬರೋಕೆ 3.5 ಮಿಲಿಸೆಕೆಂಡ್, 80 ಹರ್ಟ್ಸ್‌ನಲ್ಲಿ ಅದು 100 ಡಿಗ್ರಿ ಫೇಸ್. ಹಾಗಾಗಿ ಲಿಂಕ್‌ವಿಟ್ಜ್-ರೈಲಿ ಎಷ್ಟೇ ಶಿಸ್ತಾಗಿದ್ದರೂ ಕಾರಿನೊಳಗೆ ಅದು ಹಾಗೇ ಉಳಿಯೋದಿಲ್ಲ. 80 ಹರ್ಟ್ಸ್ ಟೋನ್ ಹಾಕಿ, ಡ್ರೈವರ್ ಸೀಟಿನಲ್ಲಿ ಕೂತು 0/180 ಸ್ವಿಚ್ ತಿರುಗಿಸಿ ನೋಡಿದೆ. 180ರಲ್ಲಿ ಸದ್ದು ಎದ್ದು ಬಂತು, ಅಲ್ಲೇ ಬಿಟ್ಟೆ. ಡಿಎಸ್‌ಪಿ (ಸಿಗ್ನಲನ್ನು ಡಿಜಿಟಲ್ ಆಗಿ ತಿದ್ದುವ ಸಾಧನ) ಇದ್ದವರು ಬಾಗಿಲಿನ ಸ್ಪೀಕರ್‌ಗಳನ್ನು 3.5 ಮಿಲಿಸೆಕೆಂಡ್ ತಡ ಮಾಡಿದರೆ ಇನ್ನೂ ಚೆನ್ನ. ಕಾಯಿಲ್, ಕೆಪಾಸಿಟರ್‌ಗಳಿಂದ ಅಷ್ಟು ಡಿಲೇ ಹುಟ್ಟಿಸೋಕೆ ಆಗೋದಿಲ್ಲ.

ಇಷ್ಟೆಲ್ಲಾ ಹೇಳಿದ್ದು ಸಬ್‌ ಬಗ್ಗೆ ಮಾತ್ರ. ಬಾಗಿಲಿನಲ್ಲಿ ವೂಫರ್ ಮತ್ತು ಟ್ವೀಟರನ್ನು 3000 ಹರ್ಟ್ಸ್‌ನಲ್ಲಿ ಬೇರೆ ಮಾಡುವ ಪ್ಯಾಸಿವ್ ಕ್ರಾಸ್‌ಓವರನ್ನು ನಾನು ಕೈಯಿಂದಲೂ ಮುಟ್ಟಿಲ್ಲ. ಅಲ್ಲಿ ಸಾಮಾನು ಸಣ್ಣದು, ಸ್ಪೀಕರ್‌ಗಳ ರೆಸೊನೆನ್ಸ್ ದೂರ ಇದೆ, ಕೆಲಸ ಸಲೀಸು. ಒಂದೇ ಎರಡು ಚಾನೆಲ್ ಆಂಪ್‌ನಿಂದ ಬಾಗಿಲೂ ಸಬ್‌ವೂಫರೂ ಎರಡನ್ನೂ ಓಡಿಸುವ ಟ್ರೈಮೋಡ್‌ಗೂ ಪ್ಯಾಸಿವ್ ಬಿಟ್ಟು ಬೇರೆ ದಾರಿ ಇಲ್ಲ, ಯಾಕೆಂದರೆ ಆಂಪ್ ಒಳಗೆ ಪೂರ್ತಿ ಹಾಡೇ ಹೋಗಬೇಕು. ಅಲ್ಲಿ ಸಬ್‌ಗೆ ಒಂದು ಕಾಯಿಲ್, ಬಾಗಿಲುಗಳಿಗೆ ಒಂದೊಂದು ಕೆಪಾಸಿಟರ್, ಅಷ್ಟಕ್ಕೇ ನಿಲ್ಲಿಸಿ.

ಆಂಪ್‌ನಲ್ಲೇ ಲೋಪಾಸ್ ನಾಬ್ ಇರುವವರಿಗೆ ಒಂದು ಮಾತು. ನಾಬ್ ಮೇಲೆ ಬರೆದ 80 ಅನ್ನು ನಂಬಬೇಡಿ. ಸಬ್ ಬಿಚ್ಚಿಟ್ಟು, 30 ಹರ್ಟ್ಸ್ ಟೋನ್‌ಗೆ ಆಂಪ್ ಹೊರಗೆ 10 ವೋಲ್ಟ್ ಬರುವಂತೆ ಇಟ್ಟುಕೊಳ್ಳಿ. ಟೋನ್ ಏರಿಸುತ್ತಾ ಹೋಗಿ. 12 ಡೆಸಿಬೆಲ್ ಬಟರ್‌ವರ್ತ್ ಆದರೆ 7.07 ವೋಲ್ಟ್, 24ರ ಲಿಂಕ್‌ವಿಟ್ಜ್-ರೈಲಿ ಆದರೆ 5 ವೋಲ್ಟ್ ಎಲ್ಲಿ ಬರುತ್ತದೋ ಅದೇ ನಿಜವಾದ ಕ್ರಾಸ್‌ಓವರ್. ಹೆಡ್ ಯೂನಿಟ್ ಲೋಪಾಸೂ ಆಂಪ್ ಲೋಪಾಸೂ ಎರಡೂ 12ರದ್ದಾಗಿ ಎರಡನ್ನೂ 80ಕ್ಕೆ ಇಟ್ಟರೆ ಒಟ್ಟು 24 ಆಗುತ್ತದೆ, 80ರಲ್ಲಿ 6 ಡೆಸಿಬೆಲ್ ಇಳಿದಿರುತ್ತದೆ. ಗೊತ್ತಿದ್ದು ಮಾಡಿದರೆ ಒಳ್ಳೆಯದೇ. ಬಾಗಿಲಿನ ಹೈಪಾಸ್ ಆಗ 24ರಲ್ಲೇ ಇರಬೇಕು. 12ರಲ್ಲಿ ಬಿಟ್ಟರೆ 80ರ ಸುತ್ತ ಎರಡರ ಫೇಸ್ ತಾಳೆಯಾಗೋದಿಲ್ಲ, ಆಮೇಲೆ ಸ್ವಿಚ್ ಯಾವ ಕಡೆ ತಿರುಗಿಸಿದರೂ ಕಿಕ್ ಡ್ರಮ್ ತೆಳ್ಳಗೇ ಕೇಳುತ್ತದೆ.